ಸೋಮವಾರದ ಮದ್ದು, ಮಂಗಳವಾರದ ಕಣ್ಣು

ನನ್ನ ಎಡಗಣ್ಣು ಚೆನ್ನಾಗಿದೆ. ಬಲಗಣ್ಣಿಗೆ ಮಾತ್ರ ಮಸಿ ಹಿಡಿದ ಲಾಟೀನು ಗಾಜಿನ ಹಾಗೆ ಸುತ್ತ ಕಪ್ಪು, ನಡುವೆ ಒಂದಿಷ್ಟು ಬೆಳಕು. ದಿನಕ್ಕೆರಡು ಸಲ ಹನಿ ಬಿಟ್ಟುಕೊಳ್ಳುತ್ತೇನೆ. ಮರೆತರೆ ನನ್ನ ಹೆಂಡತಿ ಪುಟ್ಟಮ್ಮಣ್ಣಿ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಾಳೆ. ಹೀಗೇ ವರ್ಷಗಳು ಕಳೆದಿವೆ, ದೊಡ್ಡ ದೂರೇನೂ ಇಲ್ಲ. ಆದರೆ ಮೊನ್ನೆ ಬಸ್ಸಿನಲ್ಲಿ ಯಾರೋ ಒಬ್ಬ, “ಸೊಪ್ಪಿನ ಮದ್ದು ತಾನೆ, ತಕ್ಕಳಿ, ಅದ್ರಿಂದ ಏನ್ ಕೇಡು?” ಅಂದದ್ದು ಕಿವಿಗೆ ಬಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಜಗಳಕ್ಕೇ ನಿಲ್ಲುತ್ತಿದ್ದೆ, ಪುಟ್ಟಮ್ಮಣ್ಣಿ ಅಂಗಿ ಹಿಡಿದು ಎಳೆದು ಕೂರಿಸಿದಳು. ಅವತ್ತು ಆಡದೆ ನುಂಗಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಘಾಟಿಯ ಮೇಲೆ, ತಮಿಳುನಾಡಿಗೆ ಸೇರಿದ ತಾಳವಾಡಿಯಿಂದ ಸೈಕಲ್ಲಿನಲ್ಲಿ ಅರ್ಧ ಗಂಟೆ ದೂರದ ಊರು. ನಾಲ್ಕು ತಲೆಮಾರಿನಿಂದ ನಮ್ಮ ಮನೆಯಲ್ಲಿ ಉಬ್ಬಸಕ್ಕೆ ಮದ್ದು ಕೊಡುತ್ತಿದ್ದರು. ಸೋಮವಾರ ಬೆಳಿಗ್ಗೆ, ಲಿಂಗಪೂಜೆ ಮುಗಿದ ಮೇಲೆ, ಬರಿಹೊಟ್ಟೆಯಲ್ಲಿ ಬಂದವರನ್ನು ಜಗಲಿಯ ಮೇಲೆ ಸಾಲಾಗಿ ಕೂರಿಸಿ, ಅರೆದ ಮದ್ದನ್ನು ಒಂದೊಂದು ಎಲೆಯ ಮೇಲಿಟ್ಟು ಕೊಡುವುದು. ದುಡ್ಡು ಮುಟ್ಟುವ ಹಾಗಿಲ್ಲ. ಸೊಪ್ಪಿನ ಹೆಸರು ಹೇಳುವ ಹಾಗಿಲ್ಲ, ಹೇಳಿದರೆ ಮದ್ದಿನ ಗುಣ ಹೋಗುತ್ತದೆ. ತೆಗೆದುಕೊಂಡವರು ತಿರುಗಿ ನೋಡದೆ ಹೋಗಬೇಕು, ಹೋಗಿ ಏನಾಯಿತು ಎಂದು ಕೊಟ್ಟವನಿಗೆ ಹೇಳಬಾರದು. ಇವೆಲ್ಲ ಬೇರೆ ಕಡೆಯೂ ಇರುವ ನೇಮಗಳೇ. ನಮ್ಮ ಮನೆಯದು ಅಂತ ಇನ್ನೊಂದಿತ್ತು. ಮುತ್ತಾತನ ಕಾಲದಲ್ಲಿ ಯಾರೋ ಮದ್ದನ್ನು ವಿಷ ಅಂದರಂತೆ. ಅವನು ರೋಷಕ್ಕೆ, “ವಿಷ ಆದ್ರೆ ಮೊದ್ಲು ನಾನ್ ಸಾಯ್ತೀನಿ, ಆಮ್ಯಾಕೆ ನೀನು” ಅಂತ ಅವರ ಎಲೆಯಿಂದಲೇ ತೆಗೆದು ನೆಕ್ಕಿದನಂತೆ. ಅಲ್ಲಿಂದ ಮುಂದೆ ಪ್ರತಿಯೊಬ್ಬರ ಎಲೆಯಿಂದಲೂ ಉಂಗುರದ ಬೆರಳಿನಲ್ಲಿ ಒಂಚೂರು ತೆಗೆದು, ಅವರ ಎದುರಿಗೇ ನೆಕ್ಕಿ, ಆಮೇಲೆ ಎಲೆ ಕೈಗೆ ಕೊಡುವುದು. ನೆಕ್ಕದೆ ಕೊಟ್ಟ ಮದ್ದನ್ನು ನಮ್ಮ ಸೀಮೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ.

ತಾತನ ಕಾಲಕ್ಕೆ ಸೋಮವಾರಕ್ಕೆ ನಾಲ್ಕೈದು ಜನ. ನನ್ನ ಕಾಲಕ್ಕೆ ಆ ಕಡೆ ಚಾಮರಾಜನಗರದಿಂದ, ಈ ಕಡೆ ಸತ್ಯಮಂಗಲದಿಂದ ಬಸ್ಸು ಬಂದವು. ಚಳಿಗಾಲದಲ್ಲಿ ಜಗಲಿ ಸಾಲದೆ ಅಂಗಳದಲ್ಲೂ ಕೂರುತ್ತಿದ್ದರು. ನಲವತ್ತು, ಐವತ್ತು ಜನ. ಐವತ್ತು ಎಲೆ ಅಂದರೆ ಐವತ್ತು ಸಲ ನೆಕ್ಕುವುದು. ನಾನು ಶಾಲೆ ಮೇಷ್ಟ್ರು, ಮಕ್ಕಳಿಗೆ ದಿನಾ ಗುಣಾಕಾರ ಹೇಳಿಕೊಡುವವನು. ಈ ಒಂದು ಗುಣಾಕಾರ ಮಾಡಬೇಕು ಅಂತ ನನಗೆ ಯಾವತ್ತೂ ಹೊಳೆಯಲಿಲ್ಲ.

ಅಪ್ಪಯ್ಯನಿಗೆ ಐವತ್ತು ದಾಟುವಷ್ಟರಲ್ಲಿ ಎರಡೂ ಕಣ್ಣು ಹೋದವು. ತಾತನಿಗೂ ಹಾಗೇ ಆಗಿತ್ತಂತೆ. ಇದಕ್ಕೆ ನಮ್ಮ ಮನೆಯಲ್ಲಿ ಯಾರೂ ಅತ್ತವರಲ್ಲ. “ಮದ್ದು ಕೊಡೋ ಮನೆ ಕಣ್ಲಾ ಇದು. ಕೊಡೋನ್ಗೆ ಕಣ್ಣು ನಿಲ್ಲಾಕಿಲ್ಲ. ಶಿವ ಅದ ಈಸ್ಕತಾನೆ,” ಅಂತ ಅಪ್ಪಯ್ಯ ಎಲೆಅಡಿಕೆ ಕೇಳಿದಷ್ಟೇ ಸಲೀಸಾಗಿ ಹೇಳುತ್ತಿದ್ದ. ಎಲೆ ಕಾಣದಾದಾಗ ಅವನು ನನ್ನನ್ನು ಕರೆದು, ಲಿಂಗ ಹಿಡಿಸಿ, ಹೆಸರು ಬಾಯಿಬಿಡುವುದಿಲ್ಲ ಅಂತ ಆಣೆ ಮಾಡಿಸಿ, ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅರೆಯುವುದನ್ನು ಕಲಿಸಿದ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು, ನನಗೆ ಮೂವತ್ತನಾಲ್ಕು.

ಸೋಮವಾರ ಮದ್ದು ಕೊಟ್ಟು ಮುಗಿಸಿ ಸೈಕಲ್ ಹತ್ತಿ ಶಾಲೆಗೆ ಹೋಗುವಷ್ಟರಲ್ಲಿ ಶುರುವಾಗುತ್ತಿತ್ತು. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಕೊಡ ನೀರು ಕುಡಿದರೂ ಅಷ್ಟೇ. ಎದೆ ದಡದಡ. ಕುರ್ಚಿಯ ಮೇಲೆ ಕೂತರೆ ಎದ್ದೇಳಬೇಕು, ಎದ್ದರೆ ಕಿಟಕಿಗೆ ಹೋಗಬೇಕು, ಕಿಟಕಿಯಿಂದ ಬಾಗಿಲಿಗೆ. ಏನೋ ಮರೆತು ಬಂದಿದ್ದೇನೆ, ಯಾರೋ ಕಾಯುತ್ತಿದ್ದಾರೆ, ಬೇಗ ಹೋಗಬೇಕು. ಎಲ್ಲಿಗೆ? ಅದೇ ಗೊತ್ತಿಲ್ಲ. ಮಗ್ಗಿಯನ್ನು ಅಷ್ಟು ವೇಗವಾಗಿ ಹೇಳಿಸುತ್ತಿದ್ದೆ ಅಂದರೆ ಮಕ್ಕಳಿಗೆ ಉಸಿರು ಸಿಕ್ಕುತ್ತಿರಲಿಲ್ಲ. ಮೂತ್ರಕ್ಕೆ ಹೋದರೆ ಬೇಲಿ ಪಕ್ಕ ಕಾಲು ಗಂಟೆ ನಿಂತು ಬರಿದೇ ವಾಪಸು ಬರುವುದು. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ನಾಚಿಕೆ.

ಮಂಗಳವಾರ ಇನ್ನೂ ಚೆನ್ನ. ಪುಸ್ತಕ ತೆಗೆದರೆ ಅಕ್ಷರಗಳು ಕಲೆಸಿಹೋಗಿರುತ್ತಿದ್ದವು. ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. “ಇವತ್ತು ನೀವೇ ಒಬ್ಬೊಬ್ಬರಾಗಿ ಓದಿ, ನಾನು ಕೇಳ್ತೀನಿ” ಅಂತ ಮಕ್ಕಳ ಮೇಲೆ ಹಾಕುತ್ತಿದ್ದೆ. ಹಾಜರಿ ಪುಸ್ತಕವನ್ನು ಬಾಯಿಪಾಠದಲ್ಲೇ ಕೂಗುತ್ತಿದ್ದೆ. ಗುರುವಾರದ ಹೊತ್ತಿಗೆ ಎಲ್ಲ ಸರಿ.

ಊರವರಿಗೆ ಇದರಲ್ಲಿ ಕಾಯಿಲೆ ಕಾಣಲೇ ಇಲ್ಲ. ಸೋಮವಾರ ನನ್ನ ಕಣ್ಣಿನ ಪಾಪೆ ಅಗಲವಾಗಿ, ಕಣ್ಣೆಲ್ಲ ಕಪ್ಪಾಗಿ ಹೊಳೆಯುತ್ತಿತ್ತಂತೆ. “ಮೇಷ್ಟ್ರ ಕಣ್ಣಲ್ಲಿ ಶಿವ ಬಂದು ಕುಂತವ್ನೆ” ಅಂತ ಕೈ ಮುಗಿಯುತ್ತಿದ್ದರು. ಅಪ್ಪಯ್ಯ, “ಬಂದೋರ ಉಬ್ಬಸದ ಸಂಕಟ ಕೊಟ್ಟೋನ ಮೈಗೆ ಏರ್ತದೆ, ಎರಡು ದಿವ್ಸ ಆಡಿ ಇಳೀತದೆ. ನಂಗೂ ಅಂಗೇ ಆಯ್ತಿತ್ತು, ಸುಮ್ಕಿರು” ಅನ್ನುತ್ತಿದ್ದ. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೇ ಹೆಮ್ಮೆ. ಕೈ ಮುಗಿಸಿಕೊಳ್ಳುವುದು ಯಾರಿಗೆ ಬೇಡ?

ಅಕ್ಷರ ಕಾಣದ್ದು ಮಾತ್ರ ಹೊಟ್ಟೆಪಾಡಿನ ವಿಷಯ. ಒಂದು ಮಂಗಳವಾರ ರಜೆ ಇತ್ತು, ಸತ್ಯಮಂಗಲಕ್ಕೆ ಇಳಿದು ಕನ್ನಡಕದ ಅಂಗಡಿಯಲ್ಲಿ ಕಣ್ಣು ತೋರಿಸಿ ಕನ್ನಡಕ ಮಾಡಿಸಿಕೊಂಡೆ. ಶುಕ್ರವಾರ ಹಾಕಿಕೊಂಡರೆ ನೆಲವೇ ಎದ್ದು ಬರುತ್ತಿದೆ! ಮುಂದಿನ ಶನಿವಾರ ಹೋಗಿ ಅಂಗಡಿಯವನ ಮೇಲೆ ರೇಗಿದೆ. ಪಾಪ, ಅವನು ಮತ್ತೆ ಅಳೆದ. ಎಲ್ಲ ಬೇರೆ. ಕನ್ನಡಕ ಬದಲಾಯಿಸಿ ಕೊಟ್ಟ. ಅದನ್ನು ಮಂಗಳವಾರ ಹಾಕಿಕೊಂಡರೆ ಒಂದಕ್ಷರ ಕಾಣದು. ಮೂರನೆಯ ಸಲ ಹೋದಾಗ ಅವನು ಕನ್ನಡಕ ಕೈಗೇ ತೆಗೆದುಕೊಳ್ಳಲಿಲ್ಲ. “ವಾದ್ಯಾರೇ, ಮೇಷ್ಟ್ರೇ, ನಿಮ್ಗೆ ಮನೇಲಿ ಎಷ್ಟು ಜೊತೆ ಕಣ್ಣಿದೆ? ವಾರಕ್ಕೊಂದು ಹಾಕ್ಕೊಂಡು ಬರ್ತೀರಲ್ಲ! ಇದು ನನ್ ಕೆಲ್ಸ ಅಲ್ಲ, ಡಾಕ್ಟರ್ ಹತ್ರ ಹೋಗಿ,” ಅಂತ ಒಂದು ಚೀಟಿ ಬರೆದುಕೊಟ್ಟ. ಅವತ್ತು ಅವನನ್ನು ಬೈದುಕೊಂಡೆ. ನನ್ನ ಎಡಗಣ್ಣು ಉಳಿದಿರುವುದು ಆ ಚೀಟಿಯಿಂದ.

ಕಣ್ಣಾಸ್ಪತ್ರೆ ಕೆಳಗೆ ಸತ್ಯಮಂಗಲದ ಪೇಟೆಯಲ್ಲಿ. ಉದ್ದನೆಯ ಮರದ ಬೆಂಚುಗಳು, ಎಲ್ಲರ ಕಣ್ಣಿಗೂ ಹತ್ತಿ, ಎಲ್ಲರೂ ತಲೆ ಎತ್ತಿ ಗೋಡೆಗೆ ಒರಗಿದ್ದಾರೆ. ನನ್ನ ಪಕ್ಕದ ಮುದುಕ ತಮಿಳಿನಲ್ಲಿ ಪ್ರತಿ ಐದು ನಿಮಿಷಕ್ಕೊಮ್ಮೆ, “ನನ್ನ ನಂಬರ್ ಕೂಗಿದ್ರಾ?” ಅಂತ ಕೇಳುವುದು, ನಾನು ಇಲ್ಲ ಅನ್ನುವುದು. ಹನ್ನೊಂದನೆಯ ಸಲಕ್ಕೆ ನನಗೆ ಎದ್ದು ಓಡಿಹೋಗೋಣ ಅನ್ನಿಸಿತು. ಬಾಗಿಲ ತನಕ ಹೋದೆ ಕೂಡ. ಆಗ ನನ್ನ ನಂಬರ್ ಕೂಗಿದರು.

ಡಾಕ್ಟರಮ್ಮನಿಗೆ ನನ್ನದೇ ವಯಸ್ಸು ಇರಬೇಕು. ಮಾತು ಕತ್ತರಿಸಿದ ಹಾಗೆ. ದೀಪ ಹಾಕಿ ಎರಡೂ ಕಣ್ಣನ್ನು ತುಂಬಾ ಹೊತ್ತು ನೋಡಿದರು.

“ಎನ್ನ ಮರುಂದು ಸಾಪ್ಪಿಡ್ರೀಂಗ?” ಯಾವ ಮದ್ದು ತಗೊಳ್ತೀರಿ ಅಂತ ಕೇಳಿದರು.

“ಯಾವುದೂ ಇಲ್ಲ.”

“ಮಾತ್ರೆ? ಹನಿ? ನಾಟಿ ಮದ್ದು?”

“ಒಂದೂ ಇಲ್ಲಮ್ಮ.”

ನಾನು ಸುಳ್ಳು ಹೇಳಲಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ. ನನ್ನ ಮನಸ್ಸಿನಲ್ಲಿ ನಾನು ಮದ್ದು ಕೊಡುವವನು, ತೆಗೆದುಕೊಳ್ಳುವವನಲ್ಲ. ನನಗೇನು ಉಬ್ಬಸವೇ? ಬೆರಳಿನಲ್ಲಿ ನೆಕ್ಕುವುದು ನೇಮ, ಕೈ ಮುಗಿದ ಹಾಗೆ. ನೇಮವನ್ನು ಯಾರಾದರೂ ಮದ್ದಿನ ಪಟ್ಟಿಗೆ ಸೇರಿಸುತ್ತಾರೆಯೇ?

ಕಣ್ಣೊಳಗಿನ ನೀರು ಹೋಗುವ ದಾರಿ ಹುಟ್ಟಿನಿಂದಲೇ ಕಿರಿದಾಗಿದೆ, ಏನೋ ಒಂದು ಅದನ್ನು ಆಗಾಗ ಮುಚ್ಚುತ್ತಿದೆ, ಏನು ಅಂತ ಗೊತ್ತಾಗುತ್ತಿಲ್ಲ ಅಂದರು. ಮನೆಯಲ್ಲಿ ಯಾರಿಗಾದರೂ ಕಣ್ಣು ಹೋಗಿದೆಯಾ ಅಂದರು. ಅಪ್ಪನಿಗೆ, ತಾತನಿಗೆ ಅಂದೆ. ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಒಂದು ನೋಟು ಪುಸ್ತಕ ಇಟ್ಟುಕೋ, ದಿನಾ ಏನು ತಿಂದೆ, ಏನು ಕುಡಿದೆ, ಕಣ್ಣು ಹೇಗಿತ್ತು, ಎಲ್ಲ ಬರೆ, ತಿಂಗಳಿಗೆ ತೆಗೆದುಕೊಂಡು ಬಾ. ಕಣ್ಣು ಕೆಂಪಾಗಿ ತಲೆ ಒಡೆಯುವ ನೋವು, ವಾಂತಿ ಬಂದರೆ ಮಾತ್ರ ತಿಂಗಳು ಕಾಯಬೇಡ, ಅದೇ ದಿನ ಬಸ್ಸು ಹತ್ತು, ಒಂದು ದಿನ ತಡ ಮಾಡಿದರೂ ಕಣ್ಣು ಉಳಿಯದು ಅಂದರು. ಮೇಷ್ಟ್ರಿಗೆ ಕಣ್ಣು ಉಳಿಯದು ಅಂದರೆ ಏನರ್ಥ? ಆ ಮಾತು ಕೇಳಿದ ಮೇಲೆ ದಿಂಬಂ ಘಾಟಿ ಹತ್ತುವವರೆಗೂ ಕಿಟಕಿಯ ಹೊರಗೆ ಕಂಡಿದ್ದನ್ನೆಲ್ಲ ಬಾಯಲ್ಲಿ ಹೆಸರು ಹಿಡಿದು ಹೇಳಿಕೊಳ್ಳುತ್ತ ಬಂದೆ. ಬಿದಿರು. ಕಲ್ಲು. ಕೋತಿ. ಮೈಲಿಗಲ್ಲು. ನನಗೆ ಅಷ್ಟು ಭಯವಾಗಿತ್ತು.

ನೋಟು ಪುಸ್ತಕ ಬರೆದೆ. ರಾಗಿಮುದ್ದೆ, ಹುರುಳಿಸಾರು, ಕಾಫಿ, ಬಾಳೆಹಣ್ಣು, ಎಲ್ಲ. ಮದ್ದನ್ನು ಬರೆಯಲಿಲ್ಲ. ಮೂರನೆಯ ಮಂಗಳವಾರ ನನಗೆ ನನ್ನ ಅಕ್ಷರವೇ ಕಾಣದೆ ಪುಟ್ಟಮ್ಮಣ್ಣಿಯ ಕೈಗೆ ಕೊಟ್ಟು ಓದು ಅಂದೆ. ಅವಳು ಓದಿದ್ದು ನಾಲ್ಕನೇ ಕ್ಲಾಸು. ಬೆರಳಿಟ್ಟುಕೊಂಡು, ತಡೆದು ತಡೆದು ಓದಿದಳು. ಓದಿ ಮುಗಿಸಿ ಮತ್ತೆ ಮೊದಲ ಪುಟಕ್ಕೆ ಹೋದಳು.

“ಏನಾಯ್ತು?” ಅಂದೆ.

“ಅಲ್ಲಾ, ಇದ್ರಲ್ಲಿ ಬಾಯಿ ಒಣಗೋದು ಸೋಮವಾರ, ಎದೆ ಬಡ್ಕಳದು ಸೋಮವಾರ, ಕಣ್ಣು ಮಂಜಾಗದು ಮಂಗಳವಾರ. ಮೂರು ವಾರವೂ ಅಷ್ಟೇಯ. ನಿಮ್ ಕಾಯ್ಲೆಗೆ ಕ್ಯಾಲೆಂಡರ್ ನೋಡಾಕೆ ಬತ್ತದಾ?”

ಅವಳು ಬೆರಳನ್ನು ಸೋಮವಾರದ ಸಾಲಿನ ಮೇಲಿಟ್ಟಳು.

“ಸೋಮವಾರ ಮಾತ್ರ ಮಾಡಾದು ಏನು? ಅದೊಂದ್ನೇ ಬರೀಲಿಲ್ವಲ್ಲ ನೀವು.”

ಆವಾಗ ನನಗೆ ಬಂದ ಸಿಟ್ಟು ಇದೆಯಲ್ಲ, ಅದು ಕಳ್ಳ ಸಿಕ್ಕಿಬಿದ್ದಾಗ ಬರುವ ಸಿಟ್ಟು. ಪುಸ್ತಕ ಕಿತ್ತುಕೊಂಡೆ. ನಿನಗೇನು ಗೊತ್ತು, ಬಾಯಿ ಮುಚ್ಚು ಅಂದೆ. ಅವಳು ಬಾಯಿ ಮುಚ್ಚುವ ಹೆಂಗಸಲ್ಲ. ಸೀದಾ ಒಳಗೆ ಹೋಗಿ ಅಪ್ಪಯ್ಯನ ಮುಂದೆ ನಿಂತು, “ಮಾವಾ, ಬರೋ ಸೋಮವಾರ ಇವ್ರು ನೆಕ್ಕದು ಬ್ಯಾಡ” ಅಂದಳು.

ಅಪ್ಪಯ್ಯ ಕೂಗಲಿಲ್ಲ. ಅವನು ಕೂಗಿದ್ದರೆ ಸುಲಭವಿತ್ತು. “ನೆಕ್ದೇ ಕೊಟ್ರೆ ತಕ್ಕಳೋರು ಯಾರವ್ವ? ಗೂರಿಗೂರಿ ಉಸ್ರು ಸಿಕ್ಕದೆ ಬತ್ತಾರೆ. ತಕ್ಕಂಡ್ ಮ್ಯಾಲೆ ಎದೆ ಸಲೀಸಾಗಿ ಓಯ್ತಾರೆ, ನೀನೇ ಕಂಡಿದ್ದೀಯೆ. ಒಬ್ಬನ ಕಣ್ಣು, ಅಷ್ಟು ಜನದ ಉಸ್ರು. ಯಾವ್ದು ದೊಡ್ಡದು?” ಅಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ, ಮದ್ದು ನಿಜಕ್ಕೂ ಉಸಿರು ಬಿಡಿಸುತ್ತಿತ್ತು. ನನಗೆ ಅಪ್ಪನ ಮುಂದೆ ನನ್ನ ಕಣ್ಣು ಬೇಕು ಅಂತ ಹೇಳಲು ನಾಲಿಗೆ ಏಳಲಿಲ್ಲ. ಹೇಡಿ ಅಂದುಕೊಂಡಾನು ಅಂತ. ಮುಂದಿನ ಸೋಮವಾರ ಕೊರೆಯುವ ಚಳಿ, ಅರವತ್ತು ಎಲೆ. ಅರವತ್ತೂ ನೆಕ್ಕಿದೆ. ಪುಟ್ಟಮ್ಮಣ್ಣಿ ಅವತ್ತು ನನಗೆ ಊಟಕ್ಕೆ ಇಕ್ಕಿ ಕೊಟ್ಟಿಗೆಗೆ ಹೋದಳು.

ಮಂಗಳವಾರ ಎರಡನೇ ಪಿರಿಯಡ್ಡಿಗೆ ಬಲಗಣ್ಣಿನ ಹಿಂದಿನಿಂದ ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗಾಯಿತು. ಬೋರ್ಡು ಹಿಡಿದುಕೊಂಡೆ. ಕಿಟಕಿಯ ಬೆಳಕಿನ ಸುತ್ತ ಬಣ್ಣಬಣ್ಣದ ಬಳೆಗಳು. ಮಕ್ಕಳ ಮುಂದೆಯೇ ವಾಂತಿಯಾಯಿತು. ಯಾರೋ ಓಡಿ ಪುಟ್ಟಮ್ಮಣ್ಣಿಯನ್ನು ಕರೆತಂದರು. ಅವಳು ಅಡುಗೆ ಸೀರೆಯಲ್ಲೇ ನನ್ನನ್ನು ಸತ್ಯಮಂಗಲದ ಬಸ್ಸಿಗೆ ಹತ್ತಿಸಿದಳು.

ಆ ಘಾಟಿ ಇಳಿದದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಪ್ರತಿ ತಿರುವಿಗೂ ತಲೆಯೊಳಗೆ ಏನೋ ಒಡೆಯುತ್ತಿತ್ತು. ವಾಂತಿ ಮಾಡಿದಾಗೆಲ್ಲ ಹಿಂದಿನ ಸೀಟಿನವರು, ಘಾಟಿ ಹೊಸದು ಪಾಪ ಅಂತ ಮಾತಾಡಿಕೊಂಡರು. “ಈ ರೋಡಲ್ಲಿ ಇಪ್ಪತ್ತು ವರ್ಷದಿಂದ ಓಡಾಡೋ ಮನುಷ್ಯ ಕಣ್ರೀ ಇವ್ರು, ಕಣ್ಣು ಓಯ್ತಾ ಅದೆ!” ಅಂತ ಪುಟ್ಟಮ್ಮಣ್ಣಿ ಚೀರಿದಳು. ಬಸ್ಸೆಲ್ಲ ಗಪ್‌ಚುಪ್. ಆಮೇಲೆ ಮುಂದೆ ಕೂತಿದ್ದ ಒಬ್ಬ ತಮಿಳು ಹೆಂಗಸು ಎದ್ದು ಬಂದು, ಹೆಸರು ಕೇಳದೆ, ಜಾತಿ ಕೇಳದೆ, ನನ್ನ ತಲೆಯನ್ನು ತನ್ನ ಎರಡು ಕೈಯಲ್ಲಿ ಅಲುಗದ ಹಾಗೆ ಹಿಡಿದುಕೊಂಡು ಕೊನೆಯ ತಿರುವಿನ ತನಕ ನಿಂತೇ ಇದ್ದಳು. ಘಾಟಿ ಇಳಿಯುವ ಮುಂಚೆ ದಿಂಬಂನಲ್ಲಿ ಎಲ್ಲ ಬಸ್ಸೂ ಟೀಗೆ ನಿಲ್ಲುವುದು ವಾಡಿಕೆ. ಹತ್ತುವಾಗಲೇ ಪುಟ್ಟಮ್ಮಣ್ಣಿ ಹೇಳಿದ್ದಳೋ ಏನೋ, ಡ್ರೈವರು ಅವತ್ತು ಟೀ ಅಂಗಡಿ ಕಡೆ ತಿರುಗಿಯೂ ನೋಡಲಿಲ್ಲ. ಅವರಿಬ್ಬರ ಮುಖ ನನಗೆ ನೋಡಲಾಗಲಿಲ್ಲ, ಇವತ್ತು ಎದುರಿಗೆ ಬಂದರೂ ಗೊತ್ತಾಗುವುದಿಲ್ಲ.

ಆಸ್ಪತ್ರೆಯಲ್ಲಿ ಸೂಜಿ, ಹನಿ, ಮಾತ್ರೆ. ನೋವು ಒಂದಿಷ್ಟು ಇಳಿದ ಮೇಲೆ ಡಾಕ್ಟರಮ್ಮ ಮಂಚದ ಪಕ್ಕ ಕೂತು ಅದೇ ಪ್ರಶ್ನೆ ಹಾಕಿದರು. ಏನು ತಗೊಂಡೆ? ನಾನು ಇಲ್ಲ ಅನ್ನುವುದಕ್ಕೆ ಬಾಯಿ ತೆರೆದೆ.

“ನೆಕ್ಕಿದ್ರು,” ಅಂದಳು ಪುಟ್ಟಮ್ಮಣ್ಣಿ. “ನಿನ್ನೆ ಅರವತ್ತು ಸಲ.”

ಜಗಲಿ, ಎಲೆ, ಬೆರಳು, ಎಲ್ಲ ಹೇಳಿದಳು. ಡಾಕ್ಟರಮ್ಮ ನನ್ನ ಕಡೆ ತಿರುಗಿ, ಅದು ಯಾವ ಸೊಪ್ಪು ಅಂದರು. ನನ್ನ ಕೈ ಕೊರಳಿನ ಲಿಂಗದ ಮೇಲಿತ್ತು. ಹೇಳಲಾರೆ, ಆಣೆಯಿದೆ ಅಂದೆ. ಅವರು ಗದರಲಿಲ್ಲ, ಎದ್ದೂ ಹೋಗಲಿಲ್ಲ. ಹೊರಗೆ ಐವತ್ತು ಜನ ಕಾಯುತ್ತಿದ್ದರು. ಕಣ್ಣು ಬೇಕು. ಆಣೆಯೂ ಬೇಕು.

“ಉಮ್ಮತ್ತಿ,” ಅಂದಳು ಪುಟ್ಟಮ್ಮಣ್ಣಿ.

ನಾನು ತಿರುಗಿ ನೋಡಿದೆ.

“ಏನ್ ನೋಡೀರಿ? ಗಂಡಸ್ರು ಬಾಗ್ಲಾಕ್ಕಂಡು ಅರೀತೀರಿ. ಅರೆದ ಕಲ್ಲು ತೊಳೆಯೋಳು ಯಾರು? ನಂಗೇನ್ ಮೂಗಿಲ್ವಾ? ಮದ್ವೆಯಾಗಿ ಬಂದ ವರ್ಷವೇ ಕಲ್ಲು ತೊಳ್ದು ಕೈ ಕಣ್ಣಿಗೊರೆಸ್ಕಂಡು ಎರಡು ದಿವ್ಸ ಸೂಜಿ ಪೋಣ್ಸಾಕಾಗ್ದೆ ಕುಂತಿದ್ದೆ. ಅವತ್ತಿಂದ ಗೊತ್ತು ನಂಗೆ. ನೀವು ಯೇಳ್ಬಾರ್ದು ಅಂತ ಆಣೆ. ನಾನ್ ಯಾರ್ಗೂ ಆಣೆ ಮಾಡಿಲ್ಲ.”

ಮಿಕ್ಕ ಎರಡು ಸೊಪ್ಪುಗಳನ್ನೂ ಹೇಳಿಬಿಟ್ಟಳು. ನಾಲ್ಕು ತಲೆಮಾರು ಬಾಗಿಲು ಹಾಕಿ ಕಾಪಾಡಿದ ಗುಟ್ಟು, ತೊಳೆಯುವ ಕಲ್ಲಿನ ಹತ್ತಿರ ವರ್ಷಗಟ್ಟಲೆ ಬಿದ್ದಿತ್ತು. ನನಗೆ ಅಳು ಬರಬೇಕೋ ನಗು ಬರಬೇಕೋ ತಿಳಿಯಲಿಲ್ಲ.

“ಊಮತ್ತೈಯಾ! ಆ ವಿಷದ ದತ್ತೂರಿಯಾ!” ಅಂದರು ಡಾಕ್ಟರಮ್ಮ. ಆಮೇಲೆ ಕೇಳಿದ್ದು ನನ್ನ ಕಣ್ಣಿನ ವಿಷಯವೇ ಅಲ್ಲ. “ವಾರಕ್ಕೆ ಐವತ್ತು ಜನರಿಗೆ ಕೊಡ್ತೀರಾ?”

“ಹೌದು.”

“ಅವರ ಕಣ್ಣು ಹೇಗಿದೆ?”

“ಗೊತ್ತಿಲ್ಲ.”

“ತಿರುಗಿ ಬರದವರು?”

“ಅವರು ವಾಸಿಯಾದವರು,” ಅಂದೆ. ನಮ್ಮ ಮನೆಯಲ್ಲಿ ಯಾವತ್ತೂ ಹಾಗೇ ಅಂದುಕೊಂಡಿದ್ದೆವು. ಹೊರಗೆ ಬಿದ್ದ ಮೇಲೆ ಆ ಮಾತು ನನ್ನ ಕಿವಿಗೇ ಬೇರೆ ಥರ ಕೇಳಿಸಿತು. ಡಾಕ್ಟರಮ್ಮ ಎದ್ದು ಹೋದರು.

ಎರಡೂ ಕಣ್ಣಿಗೆ ಸಣ್ಣದೊಂದು ತೂತು ಮಾಡಿ ನೀರಿಗೆ ದಾರಿ ಬಿಟ್ಟರು. ಬಲಗಣ್ಣು ಅರ್ಧಂಬರ್ಧ ಹೋಯಿತು, ಎಡಗಣ್ಣು ನಿಂತಿತು. ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದ ದಿನಗಳಲ್ಲಿ ನನಗೆ ನಿಮಿಷ ನೆಮ್ಮದಿಯಿಲ್ಲ. ಬರಬರುತ್ತ ಕಾಣೆಯಾದ ಮುಖಗಳು ಒಂದೊಂದಾಗಿ ಬರುತ್ತಿದ್ದವು. ಗಾಜನೂರಿನ ಆ ಸೊಟ್ಟ ಕಾಲಿನವನು ಎಲ್ಲಿ? ಅವ್ವನನ್ನು ಬೆನ್ನ ಮೇಲೆ ಹೊತ್ತು ತರುತ್ತಿದ್ದನಲ್ಲ, ಅವನು? ವಾಸಿಯಾದರೋ? ಸತ್ತರೋ? ಬೇರೆ ಏನಾಯಿತು? ಮಂಚದಲ್ಲಿ ಹೊರಳಿದರೆ ನರ್ಸಮ್ಮ ಅಲುಗಬೇಡ ಅಂತ ಗದರುತ್ತಿದ್ದರು. ಅಲುಗದೆ ಇರುವುದು ಹೇಗೆ?

ಊರಿಗೆ ಬಂದು ಅಪ್ಪಯ್ಯನ ಮುಂದೆ ಕೂತೆ. ಇದ್ದದ್ದನ್ನೆಲ್ಲ ಹೇಳಿದೆ. ಅವನು ಕೋಲಿನ ಹಿಡಿಯನ್ನು ಸವರುತ್ತ ಕೇಳಿದ.

“ಅಂಗಾದ್ರೆ ನಂದೂ ಅದೇನಾ?”

“ಗೊತ್ತಿಲ್ಲ ಅಪ್ಪಯ್ಯ. ಅದೇ ಇರ್ಬೋದು. ನಮ್ಮ ಮನೆಯವರ ಕಣ್ಣಿನ ದಾರಿಯೇ ಕಿರಿದಂತೆ, ಅದರ ಮೇಲೆ ಮದ್ದು.”

“ನಮ್ಮಪ್ಪನ್ದು?”

“ಇರ್ಬೋದು.”

ಅವನು ಕೋಲು ಸವರುತ್ತಲೇ ಇದ್ದ. ನಾನು ಎರಡು ಸಲ ಎದ್ದು ಅಂಗಳಕ್ಕೆ ಹೋಗಿ ಬಂದೆ. ಅವನು ಕಣ್ಣನ್ನು ಶಿವನಿಗೆ ಕೊಟ್ಟೆ ಅಂತ ಇಷ್ಟು ವರ್ಷ ಸಮಾಧಾನವಾಗಿದ್ದ. ಆ ಸಮಾಧಾನವನ್ನು ನಾನು ಕಿತ್ತುಕೊಂಡಿದ್ದೆ. ಮೂರನೆಯ ಸಲ ಎದ್ದಾಗ, “ಕುಂತ್ಕೊಳ್ಳಾ, ಗಾಳಿ ಬಡ್ದೋನಂಗೆ ಯಾಕಾಡೀಯೆ” ಅಂದ. ಆಮೇಲೆ, “ಮದ್ದು ನಿಲ್ಸು. ಬಂದೋರ್ಗೆ ಯಾಕೆ ನಿಲ್ಸಿದ್ದು ಅಂತ ನಾನ್ ಯೇಳ್ತೀನಿ, ಜಗಲಿ ಮ್ಯಾಲೆ ನಾನೇ ಕುಂತ್ಕತೀನಿ. ಬರ್ದೇ ಇರೋರ್ನ ಕೇಳೋರು ಯಾರು? ನಂಗೆ ಕಣ್ಣಿಲ್ಲ. ನಿಂಗೊಂದದೆ. ಓಗು,” ಅಂದ.

ಮುಂದಿನ ಸೋಮವಾರ ಅವನು ಹೇಳಿದ ಹಾಗೇ ಜಗಲಿಯಲ್ಲಿ ಕೂತ. ಕೆಲವರು ಅತ್ತರು, ಕೆಲವರು ಬೈದರು. ಒಬ್ಬ, ಮಗ ಇಂಗ್ಲಿಷ್ ಡಾಕ್ಟ್ರ ಮಾತು ಕೇಳಿ ಕೆಟ್ಟ ಅಂತ ಉಗಿದು ಹೋದ. ಯಾವ ಸೊಪ್ಪು ಅಂತ ಮಾತ್ರ ಅಪ್ಪಯ್ಯ ಹೇಳಲಿಲ್ಲ. ಅದು ಪ್ರತಿ ತಿಪ್ಪೆಯ ಮೇಲೂ ಬೆಳೆಯುತ್ತದೆ. ಕಿತ್ತು ತಿಂದಾರು ಅನ್ನುವ ಭಯ ಈಗ ಅವನಿಗೂ ಬಂದಿತ್ತು. ಮಾಮೂಲಾಗಿ ಬರುತ್ತಿದ್ದವರನ್ನು ನಾನು ಒಬ್ಬೊಬ್ಬರಾಗಿ ಕೇಳಿದೆ. ಬಾಯಿ ಒಣಗುತ್ತಾ? ಕಣ್ಣು ಮಂಜಾಗುತ್ತಾ? ಮೂತ್ರ ಕಟ್ಟುತ್ತಾ? ಹೂಂ ಬುದ್ದಿ, ಹೂಂ ಬುದ್ದಿ. ಮುಕ್ಕಾಲು ಜನಕ್ಕೂ ಒಂದಲ್ಲ ಒಂದು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂದರೆ, “ನೀವ್ ಕೇಳ್ಲಿಲ್ವಲ್ಲ. ಅದೂ ಅಲ್ದೆ ಮದ್ದು ಕೊಟ್ಟೋರ್ಗೆ ಇಂಗಾಯ್ತು ಅಂದ್ರೆ ಅವ್ಮಾನ ಮಾಡ್ದಂಗೆ ಅಲ್ವಾ?” ಎಲ್ಲ ಬರೆದುಕೊಂಡೆ.

ಬೇಸಿಗೆ ರಜೆಯಲ್ಲಿ ಸೈಕಲ್ ಹತ್ತಿ ಬರದೇ ಇದ್ದವರನ್ನು ಹುಡುಕಿಕೊಂಡು ಹೊರಟೆ. ಮೊದಲು ಹೋದದ್ದು ಜೀರಹಳ್ಳಿಗೆ. ಅಲ್ಲಿ ಕೆಂಪಮ್ಮ ಅಂತ ಒಬ್ಬ ಹೆಂಗಸು, ಮೂರು ವರ್ಷ ತಪ್ಪದೆ ಸೋಮವಾರ ಬಂದವಳು ಒಂದು ದಿನ ನಿಂತುಹೋಗಿದ್ದಳು. ಅವಳು ವಾಸಿಯಾದಳು ಅಂತ ಅಪ್ಪಯ್ಯ ಹತ್ತು ಜನರ ಮುಂದೆ ಹೇಳಿಕೊಂಡದ್ದುಂಟು.

ಮನೆಯ ಮುಂದೆ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ಬೆರಳು ಕಾಯಿಯನ್ನು ತಡವಿ ತಡವಿ ಹುಡುಕುತ್ತಿತ್ತು. ನಾನು ಸೈಕಲ್ ಸ್ಟ್ಯಾಂಡ್ ಹಾಕುವುದನ್ನೂ ಮರೆತು ನಿಂತೆ.

“ಯಾರದು?”

“ಮದ್ದಿನ ಮನೆ ಮೇಷ್ಟ್ರು ಕಣವ್ವ.”

ಗಡಬಡಿಸಿ ಎದ್ದು ಕೈ ಮುಗಿದಳು. ನಾನು ಇದ್ದ ಕಡೆಗಲ್ಲ, ಪಕ್ಕದ ಕಂಬದ ಕಡೆಗೆ. “ಅಯ್ಯೋ ಬುದ್ದಿ, ನೀವ್ಯಾಕೆ ನಮ್ ಮನೆಗ್ ಬರಾಕೋದ್ರಿ! ನಿಮ್ ಕಣ್ಣಿಗೇನೋ ಆಗಿ ಆಸ್ಪತ್ರೆಗೋಗಿದ್ರಂತೆ. ಮಾದಪ್ಪನ್ಗೆ ಅರಕೆ ಕಟ್ಕಂಡಿದ್ದೆ. ಈಗ ಚಂದಾಗದಾ?”

“ಒಂದು ಚೆನ್ನಾಗದೆ.” ಸೈಕಲ್ಲನ್ನು ಗೋಡೆಗೆ ಒರಗಿಸಿದೆ. “ನಿನ್ನ ಕಣ್ಣು ಯಾವಾಗ ಹೋಯ್ತು ಕೆಂಪಮ್ಮ?”

“ನಿಮ್ ಮದ್ದಿಂದ ಉಬ್ಬಸ ಓಯ್ತು ಬುದ್ದಿ, ನಿಮ್ಮನೆ ತಣ್ಗಿರ್ಲಿ. ನಿಮ್ಮಲ್ಲಿಗ್ ಬತ್ತಾ ಇದ್ದಾಗ್ಲೇ ಒಂದ್ ಮಂಗಳವಾರ ತಲೆ ಸಿಡ್ದು, ವಾಂತಿಯಾಗಿ, ಒಂದ್ ಕಣ್ಣು ಓಯ್ತು. ಮಾರನೇ ವರ್ಷ ಅಂಗೇ ಇನ್ನೊಂದೂ ಓಯ್ತು, ಬರದು ನಿಂತೋಯ್ತು. ಏನೋ ದೃಷ್ಟಿಯಾಗಿರ್ಬೇಕು.”

ಸೈಕಲ್ ಹತ್ತಿ ಹೊರಟುಬಿಡಬಹುದಾಗಿತ್ತು. ಅವಳಿಗೆ ಕೋಪವಿರಲಿಲ್ಲ, ಕಾಫಿಗೆ ಇಡು ಅಂತ ಒಳಗೆ ಕೂಗಿದ್ದಳು. ಕಾಲು ಹೊರಡು ಹೊರಡು ಅನ್ನುತ್ತಿತ್ತು. ಅವಳ ಎದುರು ನೆಲದ ಮೇಲೆ ಕೂತು ಹೇಳಿದೆ. ದೃಷ್ಟಿಯಲ್ಲ, ನಮ್ಮ ಮದ್ದು ಇರಬಹುದು. ನನಗೂ ಅದೇ ಮಂಗಳವಾರ, ಅದೇ ತಲೆಸಿಡಿತ, ಅದೇ ವಾಂತಿ. ಅವತ್ತೇ ಬಸ್ಸು ಹತ್ತಿದ್ದಕ್ಕೆ ನನ್ನದೊಂದು ಉಳಿಯಿತು. ನಾವು ನಿನ್ನನ್ನು ಯಾವತ್ತೂ ಕೇಳಲಿಲ್ಲ. ತಪ್ಪು ನಮ್ಮದು.

ಕೆಂಪಮ್ಮನ ಕೈ ಕಡಲೆಕಾಯಿಯ ಮೊರದಲ್ಲಿ ನಿಂತಿತು. ಒಳಗಿನಿಂದ ಮಗಳು ಕಾಫಿ ಲೋಟ ಹಿಡಿದು ಬಂದಳು, ಇಪ್ಪತ್ತರ ಹುಡುಗಿ. ಅವಳು ಬಾಗಿಲು ದಾಟುವ ಮೊದಲೇ ಉಸಿರಿನ ಸದ್ದು ಕೇಳಿಸಿತು. ಸುಯ್ಯ್ ಸುಯ್ಯ್ ಅಂತ. ಆ ಸದ್ದು ನನಗೆ ಗೊತ್ತಿಲ್ಲದ್ದೇ?

“ಇವ್ಳ್ಗೂ ಬಂದದೆ,” ಅಂದಳು ಕೆಂಪಮ್ಮ. ಈ ಸಲ ಬುದ್ದಿ ಅನ್ನದೆ. “ಮದ್ದು ನಿಲ್ತು ಅಂದ್ರು, ನಾನ್ ನಂಬ್ನಿಲ್ಲ. ಈ ಸೋಮವಾರ ನಿಮ್ಮನೆಗೆ ಕಳುಸ್ಬೇಕು ಅಂತ ಚಾರ್ಜು ಜೋಡ್ಸಿಟ್ಟಿದ್ದೆ. ಈಗ ಎಲ್ಲಿಗ್ ಕಳುಸ್ಲಿ? ಯೇಳಿ.”

ಜೇಬಿನಲ್ಲಿ ನೋಟು ಪುಸ್ತಕವಿತ್ತು, ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಸಾಲಾಗಿ ಬರೆದುಕೊಂಡಿದ್ದೆ. ಅವಳ ಈ ಪ್ರಶ್ನೆ ಅದರಲ್ಲಿ ಇರಲಿಲ್ಲ.

“ತಾಳವಾಡಿ ಆಸ್ಪತ್ರೆಗೆ. ನಾನೇ ಕರ್ಕೊಂಡೋಗ್ತೀನಿ.”

“ಯಾವಾಗ?”

“ಈಗಲೇ. ಬಸ್ಸದೆ.”

ಅವಳು ಮಗಳಿಗೆ ಸೀರೆ ಬದಲಾಯಿಸಿಕೊಂಡು ಬಾ ಅಂದಳು. ಹುಡುಗಿ ಒಳಗೆ ಹೋದ ಮೇಲೆ ಗೋಡೆ ಹಿಡಿದು ಎದ್ದು, ನನ್ನ ಉಸಿರಿನ ಸದ್ದಿಗೆ ಸರಿಯಾಗಿ ಮುಖ ತಿರುಗಿಸಿ, ಕೈಚಾಚಿ ನನ್ನ ಅಂಗಿಯ ತೋಳನ್ನು ಬಿಗಿಯಾಗಿ ಹಿಡಿದಳು.

“ಅಲ್ಲಿ ಏನಾರ ಮದ್ದು ಕೊಡ್ತಾರಲ್ಲ, ಅದ ತಕ್ಕಂಡ್ರೆ ಏನೇನಾಯ್ತದೆ ಅಂತ ಮೊದ್ಲು ಕೇಳಿ. ಕೇಳ್ದೆ ನನ್ ಮಗಳ ಬಾಯ್ಗಾಕ್ಬ್ಯಾಡಿ.”

“ಕೇಳ್ತೀನಿ ಕಣವ್ವ,” ಅಂದೆ.

ಅವಳು ತೋಳು ಬಿಡಲಿಲ್ಲ. “ಡಾಕ್ಟ್ರು ಬೈದ್ರೆ?”

“ಬೈದ್ರೂ ಕೇಳ್ತೀನಿ.”